ಏರಿನಲ್ಲಿ ದಿಕ್ಕು ತಪ್ಪುವ ತಂಗಾಳಿ

ಅಮೆರಿಕದ ಲಾಸ್ ಏಂಜಲೀಸಿನಿಂದ ಲಾಸ್ ವೇಗಾಸ್‌ಗೆ ಹೋಗುವ ಹೆದ್ದಾರಿಯಲ್ಲಿ ಬೇಕರ್ ಎಂಬ ಸಣ್ಣ ಊರಿದೆ. ಮೊಹಾವಿ ಮರುಭೂಮಿಯ ಈ ಊರಿನ ಗುರುತೆಂದರೆ 134 ಅಡಿ ಎತ್ತರದ ಉಷ್ಣತಾಮಾಪಕ. ಸಮೀಪದ ಡೆತ್ ವ್ಯಾಲಿಯಲ್ಲಿ 1913ರಲ್ಲಿ ದಾಖಲಾದ 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಡಿಗ್ರಿ ಸೆಲ್ಸಿಯಸ್ ತಾಪದ ನೆನಪಿಗಾಗಿ ಅಷ್ಟು ಎತ್ತರ! ಬೇಕರ್ ಇರುವುದು ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿ. ಅಲ್ಲಿಂದ ವೇಗಾಸ್ ಕಡೆಗೆ ಸುಮಾರು 55 ಕಿ.ಮೀ. ಸಾಗುವಷ್ಟರಲ್ಲಿ ರಸ್ತೆ ಸುಮಾರು 1,440 ಮೀಟರ್ ಎತ್ತರ ಮುಟ್ಟುತ್ತದೆ.

ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ 2004ರ ಮಾದರಿಯ ಮೋಟಾರ್‌ಹೋಮ್ ಒಂದನ್ನು ಕೊಂಡಿದ್ದಾನೆ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಒಳಗೇ ಇರುವ, ಬಸ್ಸಿನಂಥ ವಾಹನವಿದು. ಜುಲೈನಲ್ಲಿ ಮನೆಮಂದಿಯೆಲ್ಲ ಈ ಏರು ಹತ್ತುವಾಗ ಡ್ಯಾಷ್‌ಬೋರ್ಡಿನ ಕಿಂಡಿಗಳಿಂದ ಬರುತ್ತಿದ್ದ ತಂಪು ಗಾಳಿ ನಿಂತುಹೋಯಿತಂತೆ. ಫೋನಿನಲ್ಲಿ ಅವನ ದೂರು ಹೀಗಿತ್ತು: "ಮಾವ, ಎ.ಸಿ.ಗೆ ಎರಡು ಸಲ ಗ್ಯಾಸ್ ಹಾಕಿಸಿದ್ದಾಯ್ತು. ಆದರೂ ಏರು ಬಂದರೆ ಗಾಳಿ ನಿಂತುಹೋಗುತ್ತೆ. ಅಮ್ಮ ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕೂತಿದ್ದರು."

ಅಕ್ಕನಿಗೆ ರಕ್ತದ ಒತ್ತಡವಿದೆ. ಆ ಬಿಸಿಲಿನಲ್ಲಿ ಇದು ಕೇವಲ ಸೌಕರ್ಯದ ಮಾತಲ್ಲ. "ಗಾಳಿ ನಿಲ್ಲುತ್ತೋ, ಬೇರೆ ಕಡೆ ಹೋಗುತ್ತೋ? ಮುಂದಿನ ಗಾಜಿನ ಬುಡದಲ್ಲಿ ಕೈಯಿಟ್ಟು ನೋಡಲು ಹೇಳು" ಎಂದೆ. ಮುಂದಿನ ಪ್ರವಾಸದಲ್ಲಿ ಅವನ ಹೆಂಡತಿ ಕೈಯಿಟ್ಟು ನೋಡಿದಳು. ತಂಪು ಗಾಳಿಯೆಲ್ಲ ಅಲ್ಲಿಂದಲೇ ಹೊಮ್ಮುತ್ತಿತ್ತು! ಅಂದಮೇಲೆ ಶೀತಕ ಅನಿಲದ ಮೇಲೆ ಅನುಮಾನಪಡುವ ಅಗತ್ಯವೇ ಇರಲಿಲ್ಲ. ಅನಿಲ ಕಡಿಮೆಯಾದರೆ ಗಾಳಿಯ ತಂಪು ಕುಗ್ಗುತ್ತದೆ. ಅದರ ದಿಕ್ಕು ಬದಲಾಗಲು ಕಾರಣವೇನೂ ಇಲ್ಲ.

ಹಾಗಾದರೆ ದಿಕ್ಕನ್ನು ನಿರ್ಧರಿಸುವುದು ಯಾವುದು? ಡ್ಯಾಷ್‌ಬೋರ್ಡಿನ ಹಿಂದಿನ ಪೆಟ್ಟಿಗೆಯಲ್ಲಿ ಪುಟ್ಟ ಕದಗಳಿವೆ. ಗಾಳಿ ಮುಖಕ್ಕೋ, ಕಾಲಿಗೋ, ಗಾಜಿಗೋ ಎಂಬುದು ಈ ಕದಗಳ ಸ್ಥಾನವನ್ನು ಅವಲಂಬಿಸಿದೆ. ಆ ಕಾಲದ ಅನೇಕ ಪೆಟ್ರೋಲ್ ವಾಹನಗಳಲ್ಲಿ ಇವನ್ನು ಚಲಿಸುವುದು ನಿರ್ವಾತ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಥ್ರಾಟಲ್ ಕವಾಟ ಬಹುಪಾಲು ಮುಚ್ಚಿರುತ್ತದೆ. ಪಿಸ್ಟನ್‌ಗಳು ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳುತ್ತಲೇ ಇರುವುದರಿಂದ ಒಳಸೇರು ಕೊಳವೆಯಲ್ಲಿ, ಅಂದರೆ ಮ್ಯಾನಿಫೋಲ್ಡಿನಲ್ಲಿ, ಒತ್ತಡವು ಹೊರಗಿನ ವಾಯುಭಾರಕ್ಕಿಂತ ಸುಮಾರು 60 ಕಿಲೊಪ್ಯಾಸ್ಕಲ್‌ನಷ್ಟು ಇಳಿಯುತ್ತದೆ. ಸಣ್ಣ ನಳಿಕೆಯೊಂದು ಈ ಭಾಗಶಃ ನಿರ್ವಾತವನ್ನು ರಬ್ಬರ್ ಪೊರೆಯಿರುವ ಡಬ್ಬಿಗೆ ತಲುಪಿಸುತ್ತದೆ. ಪೊರೆ 5 ಸೆಂ.ಮೀ. ವ್ಯಾಸದ್ದೆಂದು ಇಟ್ಟುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 20 ಚದರ ಸೆಂ.ಮೀ.; ಅದರ ಮೇಲೆ ಬೀಳುವ ಬಲ 120 ನ್ಯೂಟನ್, ಹೆಚ್ಚುಕಡಿಮೆ 12 ಕಿಲೋ ಭಾರದಷ್ಟು. ಕದವನ್ನು ಸರಿಸಲು ಧಾರಾಳ ಸಾಕು. ನಿರ್ವಾತ ಎಳೆಯುತ್ತದೆ ಎಂದು ವಿದ್ಯಾರ್ಥಿಗಳು ಬರೆದಾಗಲೆಲ್ಲ ನಾನು ಕೆಂಪು ಗೆರೆ ಹಾಕುತ್ತೇನೆ. ಮ್ಯಾಗ್ಡೆಬರ್ಗ್ ಅರ್ಧಗೋಳಗಳಲ್ಲಿ ಆದಂತೆ ಇಲ್ಲಿಯೂ ತಳ್ಳುವುದು ಹೊರಗಿನ ವಾಯುಮಂಡಲವೇ.

ಏರು ಹತ್ತುವಾಗ ಚಾಲಕ ಆಕ್ಸಿಲರೇಟರನ್ನು ಪೂರ್ತಿ ಒತ್ತುತ್ತಾನೆ. ಥ್ರಾಟಲ್ ತೆರೆದುಕೊಳ್ಳುತ್ತದೆ, ಗಾಳಿ ನುಗ್ಗುತ್ತದೆ, ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಒತ್ತಡಕ್ಕೆ ಬಹುತೇಕ ಸಮನಾಗುತ್ತದೆ. ನಿರ್ವಾತ ಮಾಯ! ವಿನ್ಯಾಸಕಾರರಿಗೆ ಇದು ತಿಳಿಯದ ಸಂಗತಿಯೇನಲ್ಲ. ಅದಕ್ಕೆಂದೇ ಒಂದು ಪ್ಲಾಸ್ಟಿಕ್ ಸಂಗ್ರಾಹಕವನ್ನೂ ಅದರ ಮುಂದೆ ಏಕಮುಖ ಕವಾಟವನ್ನೂ ಇಟ್ಟಿರುತ್ತಾರೆ. ಸಮತಟ್ಟಿನಲ್ಲಿ ಕೂಡಿಟ್ಟ ನಿರ್ವಾತ ಏರಿನಲ್ಲಿ ಒದಗಬೇಕು. ನಳಿಕೆ ಎಲ್ಲೋ ಬಿರುಕುಬಿಟ್ಟಿದ್ದರೆ ಸಮತಟ್ಟಿನಲ್ಲಿ ಅದು ಗೊತ್ತಾಗುವುದೇ ಇಲ್ಲ, ಏಕೆಂದರೆ ಸೋರಿಕೆಯನ್ನು ಎಂಜಿನ್ ಸರಿದೂಗಿಸುತ್ತಿರುತ್ತದೆ. ಏರಿನಲ್ಲಿ ಮಾತ್ರ ಸಂಗ್ರಾಹಕ ಕೆಲವೇ ಸೆಕೆಂಡುಗಳಲ್ಲಿ ಬರಿದಾಗುತ್ತದೆ. ಆಗ ಸ್ಪ್ರಿಂಗ್ ಕದವನ್ನು ಗಾಜಿನ ಕಡೆಗೆ ತಿರುಗಿಸಿಬಿಡುತ್ತದೆ. ಗಾಜಿನ ಕಡೆಗೇ ಏಕೆ? ಮಳೆಯಲ್ಲೋ ಹಿಮದಲ್ಲೋ ಈ ವ್ಯವಸ್ಥೆ ಕೈಕೊಟ್ಟು ಗಾಜಿನ ಮೇಲೆ ಮಂಜು ಕವಿದರೆ ಚಾಲಕನಿಗೆ ರಸ್ತೆ ಕಾಣದು. ಮುಖಕ್ಕೆ ಸೆಕೆಯಾದರೂ ಚಿಂತೆಯಿಲ್ಲ, ಗಾಜು ಸ್ವಚ್ಛವಾಗಿರಲಿ ಎಂಬ ಏರ್ಪಾಡು.

ಇದನ್ನು ಪರೀಕ್ಷಿಸಲು ಮರುಭೂಮಿಗೆ ಹೋಗಬೇಕಿಲ್ಲ. ವಾಹನವನ್ನು ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಚಾಲೂ ಮಾಡಿ, ಗಾಳಿ ಮುಖದ ಕಿಂಡಿಗಳಿಂದ ಬರುವಂತೆ ಗುಂಡಿ ತಿರುಗಿಸಿ. ಒಂದೆರಡು ನಿಮಿಷದ ನಂತರ ಎಂಜಿನ್ ಆರಿಸಿ, ಫ್ಯಾನ್ ಮಾತ್ರ ತಿರುಗುವಂತೆ ಕೀಲಿಯನ್ನು ಮತ್ತೆ ಆನ್ ಸ್ಥಾನಕ್ಕೆ ತನ್ನಿ. ಗಾಳಿ ಕೆಲವು ನಿಮಿಷವಾದರೂ ಅಲ್ಲಿಂದಲೇ ಬರುತ್ತಿರಬೇಕು. ತಕ್ಷಣ ಗಾಜಿಗೆ ತಿರುಗಿದರೆ ಸೋರಿಕೆ ಇದೆ ಎಂದೇ ಅರ್ಥ. ಏಕಮುಖ ಕವಾಟವನ್ನು ಬಿಚ್ಚಿ ಬಾಯಿಂದ ಊದಿ ನೋಡಬಹುದು. ಗಾಳಿ ಒಂದೇ ಕಡೆಗೆ ಹಾಯಬೇಕು. ನಳಿಕೆಯ ಬಿರುಕನ್ನು ಹುಡುಕುವುದೇ ಕಷ್ಟದ ಕೆಲಸ. ಸೈಕಲ್ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ನೋಡುವಂತೆ ಇಲ್ಲಿ ಮಾಡಲಾಗದು, ಏಕೆಂದರೆ ಗಾಳಿ ಹೊರಬರುವುದಿಲ್ಲ, ಒಳಗೆ ಹೋಗುತ್ತದೆ! ಮಾಪಕವಿರುವ ಕೈಪಂಪಿನಿಂದ ನಳಿಕೆಯ ಒಂದೊಂದೇ ತುಂಡಿನಲ್ಲಿ ನಿರ್ವಾತ ಉಂಟುಮಾಡಿ ಮುಳ್ಳು ನಿಲ್ಲುವುದೇ ಎಂದು ನೋಡಬೇಕು.

ಗಾಳಿಯ ದೋಷಗಳೆಲ್ಲ ಇದೇ ಬಗೆಯವಲ್ಲ. ಏರಿನಲ್ಲಿ ದಿಕ್ಕು ಬದಲಾಗದೆ ಗಾಳಿ ಬೆಚ್ಚಗಾದರೆ, ಥ್ರಾಟಲ್ ಪೂರ್ತಿ ತೆರೆದಾಗ ಎಂಜಿನ್ನಿನ ನಿಯಂತ್ರಣ ವ್ಯವಸ್ಥೆ ಕಂಪ್ರೆಸರನ್ನು ಬಿಡಿಸಿರಬಹುದು. ಅದು ದೋಷವೇ ಅಲ್ಲ. ಫ್ಯಾನ್ ಅತಿ ವೇಗದಲ್ಲಿ ಮಾತ್ರ ತಿರುಗಿ ಉಳಿದ ವೇಗಗಳಲ್ಲಿ ನಿಂತರೆ ಅದರ ರೋಧಕ ಸುಟ್ಟಿರುವ ಸಂಭವ ಹೆಚ್ಚು. ಮೊದಲ ಒಂದು ಗಂಟೆ ರಭಸವಾಗಿದ್ದ ಗಾಳಿ ಕ್ರಮೇಣ ಕ್ಷೀಣಿಸಿ, ಅರ್ಧ ಗಂಟೆ ಎ.ಸಿ. ಆರಿಸಿದ ಮೇಲೆ ಸರಿಹೋದರೆ ತಂಪುಗೊಳಿಸುವ ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಿದೆ ಎಂದು ತಿಳಿಯಬೇಕು. ಇಲ್ಲಿ ಮಾತ್ರ ಶೀತಕ ಅನಿಲದ ಕೊರತೆಯೂ ಕಾರಣವಿರಬಹುದು: ಅನಿಲ ಕಡಿಮೆಯಾದರೆ ಸುರುಳಿಯ ಒತ್ತಡ ಇಳಿದು, ಜೊತೆಗೆ ಉಷ್ಣತೆಯೂ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇನ್ನು, ಮೋಟಾರ್‌ಹೋಮ್‌ಗಳಲ್ಲಿ ಚಾಸಿಯನ್ನು ಒಬ್ಬರು, ಮೇಲಿನ ಮನೆಯನ್ನೂ ಡ್ಯಾಷ್‌ಬೋರ್ಡನ್ನೂ ಮತ್ತೊಬ್ಬರು ತಯಾರಿಸುವುದುಂಟು. ಇವುಗಳ ನಡುವಿನ ಉದ್ದನೆಯ ಮೆತು ಕೊಳವೆಗಳು ಕುಲುಕಾಟಕ್ಕೆ ಕಳಚಿಕೊಂಡರೆ ತಂಪು ಗಾಳಿ ಡ್ಯಾಷ್‌ಬೋರ್ಡಿನ ಟೊಳ್ಳಿನಲ್ಲೇ ವ್ಯರ್ಥವಾಗುತ್ತದೆ.

ನನ್ನ ಸೋದರಳಿಯ ಎಂಜಿನ್ ತಣ್ಣಗಾದ ಮೇಲೆ ನಳಿಕೆಯ ಜಾಡು ಹಿಡಿದು ಹೊರಟ. ಬ್ಯಾಟರಿಯ ತಟ್ಟೆಯ ಕೆಳಗೆ, ಸಂಗ್ರಾಹಕಕ್ಕೆ ಸೇರುವ ಕಡೆ, ರಬ್ಬರ್ ಜೋಡಣೆಯೊಂದು ಶಾಖಕ್ಕೆ ಗಟ್ಟಿಯಾಗಿ ಉದ್ದಕ್ಕೆ ಸೀಳಿತ್ತು. ಅಂಗೈಯಗಲದ ಹೊಸ ರಬ್ಬರ್ ನಳಿಕೆ ಹಾಕಿದ. ಆಗಸ್ಟಿನಲ್ಲಿ ಮತ್ತೆ ಬೇಕರ್ ದಾಟಿದಾಗ ಮೇಲಿನವರೆಗೂ ಗಾಳಿ ಮುಖಕ್ಕೇ ಬಂತಂತೆ. ಆದರೂ ಮುಂದಿನ ಗಾಜು ಬಹಳ ದೊಡ್ಡದು, ಅದರಿಂದ ಒಳಬರುವ ಬಿಸಿಲೂ ಅಷ್ಟೇ. ಮಧ್ಯಾಹ್ನದ ಹೊತ್ತು ಜನರೇಟರ್ ಹಚ್ಚಿ ಚಾವಣಿಯ ಎ.ಸಿ.ಯನ್ನೂ ಓಡಿಸುತ್ತಿರು, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸು ಎಂದು ಹೇಳಿದ್ದೇನೆ.