ಮಗ್ಗಲು ಬದಲಿಸುವ ಕೈಗಳ ಲೆಕ್ಕ

“ಯಜ್ಜಾ, ಒಂಚೂರು ಕಾಲ ತೋರಸ್ರಿ.”

ಹೊದಿಕೆಯ ತುದಿ ಎತ್ತಿದ ಸಿಸ್ಟರ್ ಅಜ್ಜನ ಹಿಂಬಡವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಮನಸ್ಸಿನಲ್ಲೇ ಐದು ಎಣಿಸಿ ಬಿಟ್ಟರು. ಒತ್ತಿದ ಜಾಗ ಬೆಳ್ಳಗಾಗಿ ನಿಧಾನಕ್ಕೆ ಮತ್ತೆ ಕೆಂಪೇರಿತು. ಪಕ್ಕದಲ್ಲಿದ್ದ ಮ್ಯಾನೇಜರು “ಅಡಿಗಿಮನಿ ನೋಡಬರ್ರಿ ಬಾಯಾರ, ಸೋಲಾರ್ ಹಚ್ಚೇವಿ” ಅನ್ನುತ್ತಲೇ ಇದ್ದರು. ಸಿಸ್ಟರ್ ಅಷ್ಟೊತ್ತಿಗೆ ಇನ್ನೊಂದು ಹಿಂಬಡಕ್ಕೆ ಕೈ ಹಾಕಿದ್ದರು.

ಒತ್ತಿದಾಗ ಬಿಳುಪಾಗುವ ಕೆಂಪು ಬರೀ ಎಚ್ಚರಿಕೆ. ಒತ್ತಿದರೂ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಕಪ್ಪು ಮೈಯವರಲ್ಲಿ ಈ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಅಂಗೈ ತಿರುವಿ, ಬೆರಳುಗಳ ಹಿಂಬದಿಯಿಂದ ಮುಟ್ಟಿ, ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯೋ, ಗಟ್ಟಿ ಇದೆಯೋ ನೋಡಬೇಕು. ಹಿಂಬಡ, ಟೊಂಕದ ಕೆಳಗಿನ ಎಲುಬು, ಚಪ್ಪೆ, ಭುಜ, ತಲೆಯ ಹಿಂಭಾಗ: ಎಲುಬು ಚರ್ಮಕ್ಕೆ ಹತ್ತಿರ ಇರುವಲ್ಲೆಲ್ಲ ಈ ಹುಣ್ಣಿಗೆ ಜಾಗ. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ ಮಲಗಿಸಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು ಎಂಬುದು ನರ್ಸಿಂಗ್ ಶಾಲೆಯ ಹಳೆಯ ಪಾಠ. ಹಾಗಾಗಿ ಒಂದು ವೃದ್ಧಾಶ್ರಮದಲ್ಲಿ ರಾತ್ರಿ ಎಷ್ಟು ಮಂದಿ ಎಚ್ಚರ ಇದ್ದರು ಎಂಬುದು ಬೆಳಿಗ್ಗೆ ಅಜ್ಜನ ಹಿಂಬಡದಲ್ಲಿ ಬರೆದಿರುತ್ತದೆ.

ಅಂಕಲಗಿ ಕಡೆಯ ಈ ಸಿಸ್ಟರ್ ತಮ್ಮ ಹೆಸರು ಬರೆಯಬೇಡಿ ಎಂದರು. ಮೂವತ್ತು ವರ್ಷಕ್ಕೂ ಮೇಲೆ ದವಾಖಾನೆಗಳಲ್ಲಿ ದುಡಿದು ನಿವೃತ್ತರಾದವರು. ಊರಿನ ಯಾರಾದರೂ ತಂದೆಯನ್ನೋ ತಾಯಿಯನ್ನೋ ಆಶ್ರಮಕ್ಕೆ ಬಿಡುವ ಮಾತು ತೆಗೆದರೆ, ನೋಡಿ ಬರಲು ಇವರನ್ನು ಕರೆಯುತ್ತಾರೆ. ಗೋಕಾಕ, ಹುಕ್ಕೇರಿ, ಬೆಳಗಾವಿ, ಒಮ್ಮೊಮ್ಮೆ ಗಡಿ ದಾಟಿ ಗಡಹಿಂಗ್ಲಜ್‌ವರೆಗೂ ಹೋಗಿದ್ದಾರೆ. ಪಗಾರ ಇಲ್ಲ, ಚಹಾ ಮಾತ್ರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದೊಳಗೆ ಬಸ್ ಚಾರ್ಜಿನ ಚಿಂತೆಯೂ ಹೋಯಿತು. ಚೀಲದಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು, ಉಗುರುಕತ್ತರಿ, ಒಂದು ಸಣ್ಣ ಟಾರ್ಚು.

ಇಲ್ಲಿ ಒಂದು ಪದದ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ‘ನರ್ಸಿಂಗ್ ಹೋಮ್’ ಅಂದರೆ ಬಾಣಂತನಕ್ಕೋ ಅಪೆಂಡಿಕ್ಸ್ ಆಪರೇಶನ್ನಿಗೋ ಹೋಗುವ ಖಾಸಗಿ ದವಾಖಾನೆ. ಅಮೆರಿಕದಲ್ಲಿ ಅದೇ ಹೆಸರು ಆರೈಕೆ ಬೇಕಾದ ವೃದ್ಧರು ಇರುವ ಮನೆಗೆ. ನಮ್ಮ ನರ್ಸಿಂಗ್ ಹೋಮಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಇದೆ. ನೋಂದಣಿ ಬೇಕು, ದರಪಟ್ಟಿ ಹಾಕಬೇಕು. ವೃದ್ಧಾಶ್ರಮ ಬೀಳುವುದು ಬೇರೆ ಇಲಾಖೆಯ ಪಾಲಿಗೆ. ಅದು ಮನೆಯೂ ಹೌದು, ಅರ್ಧ ದವಾಖಾನೆಯೂ ಹೌದು. ಆ ಅರ್ಧ ದವಾಖಾನೆಯನ್ನು ಅಳೆಯುವುದೇ ಸಿಸ್ಟರ್ ತಮಗೆ ತಾವೇ ವಹಿಸಿಕೊಂಡ ಕೆಲಸ.

ಅವರು ಹೇಳಿ ಹೋಗುವುದಿಲ್ಲ. ಹೋದರೂ ಬೆಳಿಗ್ಗೆ ಹನ್ನೊಂದಕ್ಕೆ ಹೋಗುವುದಿಲ್ಲ. ಆ ಹೊತ್ತಿಗೆ ಎಲ್ಲ ಆಶ್ರಮಗಳೂ ಮಿಂದು ಕುಂಕುಮ ಹಚ್ಚಿಕೊಂಡಿರುತ್ತವೆ. ಸಂಜೆ ಏಳರ ಮೇಲೆ, ಊಟದ ಹೊತ್ತಿಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತು ಮೊದಲು ಮೂಗಿನ ಕೆಲಸ. ಉಚ್ಚೆಯ ವಾಸನೆ ಒಂದು ಕಾಟಿನಿಂದ ಬಂದರೆ ತಲೆ ಕೆಡಿಸಿಕೊಳ್ಳುವುದಿಲ್ಲ, ಯಾರಿಗೋ ಈಗಷ್ಟೇ ಆಗಿರುತ್ತದೆ. ಇಡೀ ಹಾಲ್ ನಾರಿದರೆ ಸಂಶಯ. ನಾರದೆ ಬರೀ ಫಿನೈಲ್ ಘಮಘಮಿಸಿದರೆ ಇನ್ನೂ ಸಂಶಯ: “ನೆಲಾ ತೊಳದಾರ, ಮಂದೀನ ತೊಳದಾರೋ ಇಲ್ಲೋ.”

ಆಮೇಲೆ ನೀರಿನ ತಂಬಿಗೆ. ಅದು ಮಲಗಿದವರ ಕೈಗೆ ಎಟಕುವಂತಿದೆಯೇ, ಇಲ್ಲಾ ಆಚೆ ಕಿಟಕಿಯ ಮೇಲೆ ಚೆಂದಕ್ಕೆ ಸಾಲಾಗಿ ಇಟ್ಟಿದ್ದಾರೆಯೇ? ಕೈಗೆಟುಕದ ನೀರು ಯಾರೂ ಕುಡಿಯದ ನೀರು. ರಾತ್ರಿ ಏಳುವುದು ತಪ್ಪಲಿ ಎಂದು ಸಂಜೆ ನಂತರ ನೀರು ಕೊಡುವುದನ್ನೇ ನಿಲ್ಲಿಸುವ ಮನೆಗಳೂ ಇವೆ ಎನ್ನುತ್ತಾರೆ ಸಿಸ್ಟರ್. ತುಟಿ ಒಣಗಿ ಸಿಪ್ಪೆ ಎದ್ದಿದ್ದರೆ ಅವರಿಗೆ ತಿಳಿಯುತ್ತದೆ. ಕೈ ಹಿಡಿದು ಮಾತಾಡಿಸುವಾಗಲೇ ಉಗುರು ನೋಡುತ್ತಾರೆ. ಉದ್ದ ಬೆಳೆದಿದ್ದರೆ ಮಾತು ನಿಲ್ಲಿಸದೆಯೇ ಚೀಲದಿಂದ ಕತ್ತರಿ ತೆಗೆಯುತ್ತಾರೆ. ತಪಾಸಣೆಗೆ ಬಂದವರು ಉಗುರು ಕತ್ತರಿಸುತ್ತ ಕೂತರೆ ಮ್ಯಾನೇಜರು ಏನೆನ್ನಲು ಸಾಧ್ಯ? ಆ ಹತ್ತು ನಿಮಿಷದಲ್ಲಿ ಅಜ್ಜಿ ಎಲ್ಲ ಹೇಳಿರುತ್ತಾಳೆ.

ತಾಟಿನ ಪರೀಕ್ಷೆಯೂ ಇದೆ. ಈ ಸೀಮೆಯ ಹಿರಿಯರಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಉಂಡಂತಾಗದು, ಹಲ್ಲಿಲ್ಲದಿದ್ದರೆ ರೊಟ್ಟಿ ಇಳಿಯದು. ರೊಟ್ಟಿ ಮುರಿದು ಬಿಸಿ ಹಾಲಿನಲ್ಲೋ ಬೇಳೆಯ ಕಟ್ಟಿನಲ್ಲೋ ನೆನೆಸಿ, ಮೆತ್ತಗಾಗುವವರೆಗೆ ಕಾದು, ಚಮಚೆಯಲ್ಲಿ ಉಣಿಸಲು ಒಬ್ಬರಿಗೆ ಇಪ್ಪತ್ತು ನಿಮಿಷವಾದರೂ ಬೇಕು. ಉಣಿಸಬೇಕಾದವರು ಆರು ಮಂದಿ, ಉಣಿಸುವವಳು ಒಬ್ಬಳು ಎಂದಾದರೆ ಎರಡು ತಾಸು. ಅಷ್ಟು ಹೊತ್ತು ಯಾರಿಗಿದೆ? ಗಂಜಿ ಕುಡಿಸಿ ಮುಗಿಸುತ್ತಾರೆ. ಅಡುಗೆಯ ಪಟ್ಟಿಯಲ್ಲಿ ರೊಟ್ಟಿ, ಹೊಟ್ಟೆಯಲ್ಲಿ ಗಂಜಿ.

ಅಂದರೆ ನೀರು, ಉಗುರು, ರೊಟ್ಟಿ, ಹಿಂಬಡ ಎಲ್ಲವೂ ಕಡೆಗೆ ಬಂದು ನಿಲ್ಲುವುದು ಕೈಗಳ ಸಂಖ್ಯೆಗೆ.

“ಎಷ್ಟ ಮಂದಿ ಸ್ಟಾಫ್ ಅದಾರಂತ ಕೇಳಬ್ಯಾಡ್ರಿ. ರಾತ್ರಿ ಎರಡಕ್ಕ ಯಾರ ಎಚ್ಚರ ಇರತಾರಂತ ಕೇಳ್ರಿ” ಎಂಬುದು ಸಿಸ್ಟರ್ ಎಲ್ಲ ಮಕ್ಕಳಿಗೂ ಹೇಳಿಕೊಡುವ ಒಂದೇ ಪ್ರಶ್ನೆ. ಗೋಡೆಯ ಬೋರ್ಡಿನಲ್ಲಿ ಹತ್ತು ಸಿಬ್ಬಂದಿ ಎಂದಿರುತ್ತದೆ. ಅದರಲ್ಲಿ ಅಡುಗೆಯವರು ಇಬ್ಬರು, ಡ್ರೈವರ್, ತೋಟದ ಮಾಲಿ, ಕ್ಲಾರ್ಕು, ವಾರಕ್ಕೊಮ್ಮೆ ಬರುವ ಡಾಕ್ಟರು. ಉಳಿದ ನಾಲ್ಕು ಮಂದಿ ಮಾವಶಿಯರು; ಈ ಭಾಗದ ದವಾಖಾನೆಗಳಲ್ಲಿ ಆಯಾಗಳನ್ನು ಹಾಗೇ ಕರೆಯುವುದು.

ಆ ನಾಲ್ಕರ ಲೆಕ್ಕವನ್ನು ಸಿಸ್ಟರ್ ನೋಟ್‌ಬುಕ್ಕಿನ ಹಿಂಪುಟದಲ್ಲಿ ಹಾಕಿ ತೋರಿಸುತ್ತಾರೆ. ಹಾಲಿನ ಮೂಲೆಯಲ್ಲಿ ಒಂದು ಸ್ಟೂಲು ಇದೆ, ಅದರ ಮೇಲೆ ಹಗಲೂ ರಾತ್ರಿ ಒಬ್ಬರು ಇರಲೇಬೇಕು ಎಂದಿಟ್ಟುಕೊಳ್ಳಿ. ದಿನಕ್ಕೆ ಎಂಟು ತಾಸಿನ ಮೂರು ಪಾಳಿ, ವಾರಕ್ಕೆ ಇಪ್ಪತ್ತೊಂದು. ಒಬ್ಬಳು ವಾರಕ್ಕೆ ಆರು ಪಾಳಿ ಮಾಡಿದರೆ ಮೂರೂವರೆ ಮಂದಿ ಬೇಕು. ಜ್ವರ, ಮದುವೆ, ಎಲ್ಲಮ್ಮನ ಜಾತ್ರೆ ಸೇರಿಸಿದರೆ ನಾಲ್ಕು. ಅಂದರೆ ನಾಲ್ವರು ಮಾವಶಿಯರಿರುವ ಆಶ್ರಮದಲ್ಲಿ ಯಾವ ಗಳಿಗೆಯಲ್ಲೂ ಇರುವುದು ಒಬ್ಬಳು. ಇಪ್ಪತ್ತೆರಡು ಹಿರಿಯರಲ್ಲಿ ಎಂಟು ಮಂದಿ ಹಾಸಿಗೆ ಹಿಡಿದಿದ್ದರೆ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎರಡು ತಾಸಿಗೊಮ್ಮೆಯಂತೆ ನಾಲ್ಕು ಸುತ್ತು, ಮೂವತ್ತೆರಡು ಸಲ ಮಗ್ಗಲು ಬದಲಿಸಬೇಕು. ಸರಿಯಾಗಿ ಬದಲಿಸಲು ಇಬ್ಬರು ಬೇಕು; ಒಬ್ಬಳೇ ಎಳೆದರೆ ಚಾದರಕ್ಕೆ ತಿಕ್ಕಿ ಚರ್ಮ ಸುಲಿಯುತ್ತದೆ, ಎಳೆದವಳ ಟೊಂಕವೂ ಹೋಗುತ್ತದೆ. ಇನ್ನೊಬ್ಬರು ಎಲ್ಲಿಂದ ಬರಬೇಕು?

ಹೀಗಾಗಿ ಅವರು ಮಸ್ಟರ್ ಕೇಳುತ್ತಾರೆ. ಹಿಂದಿನ ಭಾನುವಾರದ ಪುಟ ಮತ್ತು ಹಿಂದಿನ ಅಮಾವಾಸ್ಯೆಯ ಪುಟ, ಎರಡೇ ಸಾಕು. ತಿಂಗಳಿಡೀ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದ ಸಹಿಗಳನ್ನು ಅವರು ಕನ್ನಡಕ ಇಲ್ಲದೆಯೂ ಗುರುತಿಸುತ್ತಾರೆ.

ಈ ಎಣಿಕೆಗೆ ಅಮೆರಿಕದಲ್ಲಿ ಸರಕಾರಿ ರೂಪವೇ ಇದೆ. 1987ರ ಕಾನೂನಿನ ನಂತರ ಅಲ್ಲಿನ ನರ್ಸಿಂಗ್ ಹೋಮ್‌ಗಳ ತಪಾಸಣೆ ಬಿಗಿಯಾಯಿತು. 2008ರಿಂದ ಹೋಟೆಲಿಗೆ ಕೊಟ್ಟಂತೆ ಒಂದರಿಂದ ಐದು ನಕ್ಷತ್ರ ಕೊಡುತ್ತಾರೆ. ಸಿಬ್ಬಂದಿ ಎಷ್ಟೆಂದು ಮೊದಮೊದಲು ಆಯಾ ಸಂಸ್ಥೆಯೇ ಬರೆದುಕೊಡುತ್ತಿತ್ತು. ಆಮೇಲೆ ಪಗಾರದ ದಾಖಲೆ ತರಿಸಿ ಲೆಕ್ಕ ಹಾಕುವ ಪದ್ಧತಿ ಬಂತು. ನಮ್ಮ ಸಿಸ್ಟರ್ ಮಸ್ಟರ್ ಕೇಳುವುದಕ್ಕೂ ಅದಕ್ಕೂ ದೊಡ್ಡ ಅಂತರವೇನಿಲ್ಲ. 2024ರಲ್ಲಿ ಅಲ್ಲಿನ ಸರಕಾರ ಒಬ್ಬ ನಿವಾಸಿಗೆ ದಿನಕ್ಕೆ 3.48 ತಾಸಿನ ಶುಶ್ರೂಷೆ ಸಿಗಲೇಬೇಕು ಎಂದು ನಿಯಮ ಮಾಡಿತು. ಇಪ್ಪತ್ತೈದು ಜನರ ಮನೆಗೆ ಅದು ದಿನಕ್ಕೆ 87 ತಾಸು, ಹತ್ತಿರ ಹತ್ತಿರ ಹನ್ನೊಂದು ಪಾಳಿ. ಮಾಲೀಕರ ಸಂಘಗಳು ಕೋರ್ಟಿಗೆ ಹೋದವು, 2025ರಲ್ಲಿ ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ನಿಯಮವನ್ನು ಹೊಡೆದುಹಾಕಿತು. ಇದನ್ನು ಕೇಳಿ ಸಿಸ್ಟರ್ ನಕ್ಕರು. “ಅಲ್ಲೂ ಮಂದಿ ಸಿಗೂದಿಲ್ಲೇನು?”

ಮಂದಿಯನ್ನು ತಯಾರು ಮಾಡುವ ವಿಚಾರದಲ್ಲಿ ಈ ಸೀಮೆಗೆ ಹಳೆಯ ಹೆಸರಿದೆ. ಘಟಪ್ರಭೆಯಲ್ಲಿ 1929ರಲ್ಲಿ ಡಾ. ಜಿ.ಆರ್. ಕೊಕಟನೂರ ಅವರು ಕಟ್ಟಿದ ಕರ್ನಾಟಕ ಆರೋಗ್ಯ ಧಾಮ ಇದೆ. ಮಿಶಿಗನ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿ ಬಂದು ಸೇವಾದಳ ಕಟ್ಟಿದ ಡಾ. ನಾ.ಸು. ಹರ್ಡೀಕರ್ ನೆಲೆ ನಿಂತದ್ದೂ ಘಟಪ್ರಭೆಯಲ್ಲೇ. ಸ್ವಾತಂತ್ರ್ಯದ ಹೊಸತರಲ್ಲಿ ಅದೇ ಊರಲ್ಲಿ ಜೆ.ಜಿ. ಸಹಕಾರಿ ಆಸ್ಪತ್ರೆ ಎದ್ದಿತು. ಸಕ್ಕರೆ ಕಾರ್ಖಾನೆಗೂ ಹಾಲಿನ ಡೇರಿಗೂ ಸಹಕಾರಿ ಸಂಘ ಮಾಡಿದ ಜನ ದವಾಖಾನೆಗೂ ಸಂಘ ಮಾಡಿಕೊಂಡರು. ಅಂಕಲಗಿ, ಅಕ್ಕತಂಗೇರಹಾಳದ ಹಳಬರಿಗೆ ‘ಘಟಪ್ರಭೆಗೆ ಒಯ್ದರು’ ಅಂದರೆ ಕಾಯಿಲೆ ಜೋರಿದೆ ಎಂದರ್ಥವಾಗುತ್ತಿತ್ತು. ಸಿಸ್ಟರ್ ಮಗ್ಗಲು ಬದಲಿಸಲು ಕಲಿತದ್ದೂ ಘಟಪ್ರಭೆಯಲ್ಲೇ.

ವೃದ್ಧಾಶ್ರಮ ಆಗ ಬೇಕಿರಲಿಲ್ಲ ಎಂದು ಹಳಬರು ಹೇಳುವುದನ್ನು ಪೂರ್ತಿ ನಂಬಬೇಕಾಗಿಲ್ಲ. ಮಕ್ಕಳಿಲ್ಲದವರು ಆಗಲೂ ಇದ್ದರು. ಅಂಥವರಿಗೆ ಅಡವಿಸಿದ್ಧೇಶ್ವರ ಮಠದಂಥವುಗಳ ಪ್ರಸಾದ, ಗುಡಿಯ ಕಟ್ಟೆ, ಯಾರದೋ ಪಡಸಾಲೆ. ಊಟ ಸಿಗುತ್ತಿತ್ತು, ಮಗ್ಗಲು ಬದಲಿಸುವವರು ಸಿಗುತ್ತಿದ್ದರೋ ಇಲ್ಲವೋ. ಈಗ ಮಕ್ಕಳಿರುವವರೂ ಆಶ್ರಮ ಹುಡುಕುತ್ತಾರೆ. ಮಗ ಪುಣೆಯಲ್ಲಿ, ಮಗಳು ಬೆಂಗಳೂರಲ್ಲಿ, ಹೊಲ ಪಾಲಿಗೆ. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ ಅರವತ್ತು ದಾಟಿದವರಿದ್ದರು. ಬೆಳಗಾವಿ ಹತ್ತಿರ ಬಾಮಣವಾಡಿಯ ಶಾಂತಾಯಿ ವೃದ್ಧಾಶ್ರಮದಂಥವು ಊರವರ ಅಕ್ಕರೆಯಿಂದ ನಡೆಯುತ್ತವೆ. ಎಲ್ಲ ಕಡೆ ಅಂಥ ಆಸರೆ ಇರುವುದಿಲ್ಲ.

ಕಾನೂನು ಏನನ್ನುತ್ತದೆ? ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, 2007ರ 19ನೇ ಕಲಮು ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ, ಅದರಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗ ಎನ್ನುತ್ತದೆ. ಆದರೆ ‘ಮಾಡಬಹುದು’ ಎಂಬ ಪದ ಹಾಕಿ ಸರಕಾರಗಳಿಗೆ ಆರಾಮು ಮಾಡಿಕೊಟ್ಟಿದೆ. ಆಸ್ತಿ ಬರೆಸಿಕೊಂಡು ನೋಡಿಕೊಳ್ಳದ ಮಕ್ಕಳಿಂದ ಅದನ್ನು ವಾಪಸು ಪಡೆಯುವ 23ನೇ ಕಲಮು ಹಳ್ಳಿಹಳ್ಳಿಗೂ ಗೊತ್ತಾಗಿದೆ. 19ನೆಯದು ಯಾರಿಗೂ ಗೊತ್ತಿಲ್ಲ. ಹಿರಿಯರ ಆರೈಕೆ ಮನೆಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ ಬೇಕೆಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಸ್ಥಾಯಿ ಸಮಿತಿಗೆ ಹೋಯಿತು. 2024ರಲ್ಲಿ ಆ ಲೋಕಸಭೆಯ ಅವಧಿಯೇ ಮುಗಿದು ಮಸೂದೆ ಬಿದ್ದುಹೋಯಿತು. ದೂರು ಹೇಳಿಕೊಳ್ಳಲು 14567 ಎಂಬ ಸಹಾಯವಾಣಿ ಇದೆ. ಹಾಸಿಗೆ ಹಿಡಿದ ಅಜ್ಜಿ ಆ ಐದು ಅಂಕಿ ಯಾರ ಫೋನಿನಿಂದ ಒತ್ತಬೇಕು ಎಂಬುದು ಬೇರೆ ಮಾತು.

ಮಾವಶಿಯರನ್ನು ಬೈಯುವುದು ಸುಲಭ. ಸಿಸ್ಟರ್ ಬೈಯುವುದಿಲ್ಲ. ಹಗಲು ಹೊಲದಲ್ಲಿ ಕಳೆ ತೆಗೆದು ರಾತ್ರಿ ಪಾಳಿಗೆ ಬರುವವರನ್ನು ಅವರು ಬಲ್ಲರು. ಬೆಳಿಗ್ಗೆ ಬರಬೇಕಾದವಳ ಬಸ್ಸು ತಪ್ಪಿದರೆ ರಾತ್ರಿಯವಳೇ ಹಗಲನ್ನೂ ಮಾಡಬೇಕು. ಇವರಿಗೆ ಮಗ್ಗಲು ಬದಲಿಸಲು ಕಲಿಸಿದವರಾರೂ ಇಲ್ಲ; ಸಿಸ್ಟರ್ ಹೋದ ಕಡೆಯಲ್ಲೆಲ್ಲ ಚಾದರವನ್ನು ಎರಡು ಮಡಿಕೆ ಮಾಡಿ ಕೆಳಗೆ ಹಾಸಿ, ಅದರ ಅಂಚು ಹಿಡಿದು ಹೊರಳಿಸುವುದನ್ನು, ಹಿಂಬಡ ಹಾಸಿಗೆಗೆ ತಾಗದಂತೆ ಮೀನಗಂಡದ ಕೆಳಗೆ ದಿಂಬು ಕೊಡುವುದನ್ನು ತೋರಿಸಿ ಬರುತ್ತಾರೆ. ಐದು ನಿಮಿಷದ ಕೆಲಸ. ಪಗಾರ ಹೆಚ್ಚಿಸುವುದು ಅವರ ಕೈಯಲ್ಲಿಲ್ಲ.

ನೋಟ್‌ಬುಕ್ಕಿನಲ್ಲಿ ನಕ್ಷತ್ರಗಳಿಲ್ಲ. ಪ್ರತಿ ಆಶ್ರಮಕ್ಕೆ ಒಂದು ಪುಟ, ಹಗಲು ರಾತ್ರಿ ಎಂದು ಎರಡು ಕಾಲಮು, ಕೆಳಗೆ ಎರಡರಲ್ಲಿ ಒಂದು ತೀರ್ಪು: ‘ಇಡಬಹುದು’ ಅಥವಾ ‘ಬ್ಯಾಡ’. ಪುಟ ತಿರುವಿದರೆ ‘ಬ್ಯಾಡ’ವೇ ಹೆಚ್ಚು. ಕೊನೆಯ ಪುಟದಲ್ಲಿ ಎರಡೂ ಇಲ್ಲ. ಪುಣೆಯಿಂದ ಬಂದಿದ್ದ ಮಗನಿಗೆ ಸೋಮವಾರ ಡ್ಯೂಟಿಗೆ ಹಾಜರಾಗಬೇಕಿತ್ತು. ಭಾನುವಾರ ಮಧ್ಯಾಹ್ನವೇ ಕರೆದೊಯ್ದು ತೋರಿಸಿ, ಅವ್ವನನ್ನು ಬಿಟ್ಟು, ಸಿಸ್ಟರ್ ಕೈಗೆ ಒಂದು ಡಬ್ಬಿ ಗೋಕಾಕ ಕರದಂಟು ಕೊಟ್ಟು ಸಂಜೆಯ ಗಾಡಿ ಹಿಡಿದ. ಹಗಲಿನ ಕಾಲಮಿನಲ್ಲಿ ನೀರು, ಉಗುರು, ಊಟ ಎಲ್ಲಕ್ಕೂ ಸರಿ ಗುರುತು ಇದೆ. ರಾತ್ರಿಯ ಕಾಲಮು ಖಾಲಿ.

ಗುರುವಾರ ಸಂಜೆ ಆರರ ಬಸ್ಸಿಗೆ ಸಿಸ್ಟರ್ ಅಂಕಲಗಿ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಚೀಲದಲ್ಲಿ ನೋಟ್‌ಬುಕ್ಕು, ಕತ್ತರಿ, ಟಾರ್ಚಿಗೆ ಹೊಸ ಸೆಲ್ಲು.