ಎರವಲು ಚಿತ್ರಗಳಿಂದ ಮೊದಲಾದ ಅಮರ ಚಿತ್ರ ಕಥೆ

ಅಮರ ಚಿತ್ರ ಕಥೆ ಎಂದೊಡನೆ ಕೃಷ್ಣ, ಪರಶುರಾಮ, ಶಿವಾಜಿಯರು ನೆನಪಾಗುತ್ತಾರಾದರೂ, ಆ ಮಾಲೆಯ ಮೊದಲ ಹತ್ತು ಸಂಚಿಕೆಗಳಲ್ಲಿ ಇದ್ದವು ಸಿಂಡ್ರೆಲಾ, ಸ್ನೋ ವೈಟ್, ಪಿನೋಕಿಯೋ, ಅಲ್ಲಾದೀನನಂಥ ಹೊರನಾಡಿನ ಕಥೆಗಳು. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಹೇಳಿಕೆಯ ಪ್ರಕಾರ, ಈ ಹತ್ತೂ ಪುಸ್ತಕಗಳು 1965ರಲ್ಲಿ ಕನ್ನಡದಲ್ಲಿ ಹೊರಬಂದು ಚೆನ್ನಾಗಿ ಮಾರಾಟವಾದುದರಿಂದಲೇ ಮುಂಬಯಿಯ ಕೇಂದ್ರ ಕಚೇರಿಗೆ ಮಾಲೆಯನ್ನು ಮುಂದುವರಿಸುವ ಧೈರ್ಯ ಬಂದಿತು. ಇಂಗ್ಲಿಷ್ ಮಾಲೆ 11ನೆಯ ಸಂಖ್ಯೆಯಿಂದ, ‘ಕೃಷ್ಣ’ನಿಂದ, ಆರಂಭವಾಗುವುದು ಈ ಮಾತನ್ನು ಪುಷ್ಟೀಕರಿಸುತ್ತದೆ.

ಆ ಹತ್ತು ಪುಸ್ತಕಗಳ ಮೂಲ ಅಮೆರಿಕದ್ದು. ಆಲ್ಬರ್ಟ್ ಕ್ಯಾಂಟರ್ ಎಂಬ ಪ್ರಕಾಶಕರು 1941ರಲ್ಲಿ ‘ತ್ರೀ ಮಸ್ಕಿಟಿಯರ್ಸ್’ ಕಾದಂಬರಿಯ ಚಿತ್ರರೂಪದೊಂದಿಗೆ ಆರಂಭಿಸಿದ ಮಾಲೆ ಮುಂದೆ ‘ಕ್ಲಾಸಿಕ್ಸ್ ಇಲಸ್ಟ್ರೇಟೆಡ್’ ಎಂದು ಹೆಸರಾಯಿತು. 1953ರಲ್ಲಿ ಪುಟ್ಟ ಮಕ್ಕಳಿಗಾಗಿ ಅದರ ‘ಜೂನಿಯರ್’ ಮಾಲೆ ಹುಟ್ಟಿಕೊಂಡಿತು; ಆ ಹತ್ತು ಪುಸ್ತಕಗಳ ಚಿತ್ರಗಳು ಬಂದದ್ದು ಇದರಿಂದಲೇ. ಸಿಂಡ್ರೆಲಾಳ ಕಥೆಗೆ ಒಡೆಯರಿಲ್ಲ, ಯಾರು ಬೇಕಾದರೂ ಹೇಳಬಹುದು. ಆದರೆ ಅವಳನ್ನು ತೋರಿಸುವ ಚಿತ್ರಕ್ಕೆ ಒಡೆಯರಿರುತ್ತಾರೆ. ಆ ಒಡೆತನಕ್ಕೆ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಎಂದೂ, ಹಣ ಪಡೆದು ನಿರ್ದಿಷ್ಟ ಭಾಷೆಗೆ, ನಿರ್ದಿಷ್ಟ ಪ್ರದೇಶಕ್ಕೆ ಅದನ್ನು ಬಳಸಲು ಕೊಡುವ ಒಪ್ಪಿಗೆಗೆ ಪರವಾನಗಿ ಎಂದೂ ಹೆಸರು. ಹೀಗೆ ಸಿದ್ಧ ಚಿತ್ರಗಳನ್ನು ಪಡೆದ ಪ್ರಕಾಶಕನಿಗೆ ಚಿತ್ರಕಾರನ ಸಂಬಳ ಉಳಿಯುತ್ತದೆ, ಉಳಿದ ಕೆಲಸ ಅನುವಾದ ಮತ್ತು ಅಕ್ಷರ ಜೋಡಣೆ ಮಾತ್ರ.

ಆ ಉಳಿದ ಕೆಲಸವೂ ಕನ್ನಡದಲ್ಲಿ ಸುಲಭದ್ದಲ್ಲ. ಇಂಗ್ಲಿಷ್ ಕಾಮಿಕ್ಸ್‌ನ ಮಾತುಗಳನ್ನು ಸಾಮಾನ್ಯವಾಗಿ ದೊಡ್ಡ ಅಕ್ಷರಗಳಲ್ಲಿ ಬರೆಯುವುದರಿಂದ ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ; ಕನ್ನಡದಲ್ಲಿ ಗುಡಿಸು ಮೇಲೆ ಏರುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ‘ರಾಷ್ಟ್ರ’ದಂಥ ಪದದಲ್ಲಿ ಎರಡು ಒತ್ತುಗಳೇ ಕೂಡಿ ಬರುತ್ತವೆ. ಪಾತ್ರದ ತಲೆಯ ಮೇಲೆ ಇಂಗ್ಲಿಷ್ ಮಾತಿನ ಅಳತೆಗೆ ಬರೆದ ಗುಳ್ಳೆಯಲ್ಲಿ ಕನ್ನಡದ ಸಾಲುಗಳು ಕೂರಬೇಕಾದರೆ ಒಂದೋ ಅಕ್ಷರ ಸಣ್ಣದಾಗಬೇಕು, ಇಲ್ಲವೇ ಮಾತು ಮೊಟಕಾಗಬೇಕು. ಒಳ್ಳೆಯ ಅನುವಾದಕ ಎರಡನೆಯದನ್ನೇ ಆರಿಸುತ್ತಾನೆ.

ಪರವಾನಗಿಯ ಈ ದಾರಿಯನ್ನು ಭಾರತದಲ್ಲಿ ಹೆಚ್ಚು ಕಾಲ ತುಳಿದದ್ದು ಟೈಮ್ಸ್ ಆಫ್ ಇಂಡಿಯಾ ಬಳಗದ ಇಂದ್ರಜಾಲ್ ಕಾಮಿಕ್ಸ್. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ನ ಕಥೆಗಳನ್ನು ಅಮೆರಿಕದ ಕಿಂಗ್ ಫೀಚರ್ಸ್ ಸಂಸ್ಥೆಯಿಂದ ಪಡೆದು, 1964ರ ಮಾರ್ಚ್‌ನಿಂದ 1990ರವರೆಗೆ 803 ಸಂಚಿಕೆಗಳನ್ನು ಅದು ಹೊರತಂದಿತು. ಭಾರತದ ಓದುಗರಿಗೆ ಇರಿಸುಮುರಿಸಾಗದಿರಲೆಂದು ಫ್ಯಾಂಟಮ್‌ನ ‘ಬಂಗಾಲ್ಲಾ’ ಕಾಡು ಇಲ್ಲಿ ‘ಡೆಂಕಾಲಿ’ಯಾಯಿತು, ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಆದರು. ಎರವಲು ತಂದ ಸರಕನ್ನೂ ಹೀಗೆ ಅಷ್ಟಿಷ್ಟು ತಿದ್ದಿಕೊಳ್ಳದೆ ವಿಧಿಯಿರಲಿಲ್ಲ.

ಇಂದ್ರಜಾಲ್‌ನ ಆರಂಭದಲ್ಲಿ ದುಡಿದವರಲ್ಲಿ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಒಬ್ಬರು. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ದೇವತೆಗಳ ಹೆಸರು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿದಿರಲಿಲ್ಲ ಎಂಬುದು ಅಮರ ಚಿತ್ರ ಕಥೆಯ ಹುಟ್ಟಿನ ಬಗ್ಗೆ ಅವರು ಹೇಳುತ್ತಿದ್ದ ಪ್ರಸಂಗ. ಬೆಂಗಳೂರಿನ ಮಾರಾಟದ ಲೆಕ್ಕಕ್ಕಿಂತ ಈ ಪ್ರಸಂಗವೇ ಜನಪ್ರಿಯವಾದದ್ದು ಸಹಜ. ಪೈ ಬರೆದು ರಾಮ್ ವಾಯಿರ್ಕರ್ ಚಿತ್ರಿಸಿದ ‘ಕೃಷ್ಣ’ದೊಂದಿಗೆ ಇಂಡಿಯಾ ಬುಕ್ ಹೌಸ್ ಎರವಲನ್ನು ಬಿಟ್ಟು ಸ್ವಂತ ಚಿತ್ರಗಳ ಒಡೆತನಕ್ಕೆ ಬಂದಿತು. ಕಥೆ ಮತ್ತೆ ಯಾರದೂ ಅಲ್ಲದ್ದೇ, ಆದರೆ ಚಿತ್ರ ಈಗ ತನ್ನದು. ಆದ್ದರಿಂದಲೇ ಒಂದೇ ಚಿತ್ರಕ್ಕೆ ಭಾಷೆ ಬದಲಿಸುತ್ತ ಮತ್ತೆ ಮತ್ತೆ ಮಾರಲು ಸಾಧ್ಯವಾಯಿತು. 2007ರಲ್ಲಿ ಈ ಭಂಡಾರವನ್ನು ಎಸಿಕೆ ಮೀಡಿಯಾ ಎಂಬ ಹೊಸ ಕಂಪನಿ ಕೊಂಡುಕೊಂಡಾಗ ಬೆಲೆ ಕಟ್ಟಿದ್ದು ಮುಖ್ಯವಾಗಿ ಈ ಒಡೆತನಕ್ಕೇ.

ಕಥೆಯ ಮತ್ತು ಚಿತ್ರದ ಒಡೆತನದ ಈ ವ್ಯತ್ಯಾಸ ಸವದತ್ತಿ, ಕಿತ್ತೂರುಗಳ ಸೀಮೆಗೂ ನೇರವಾಗಿ ಸಂಬಂಧಿಸಿದ್ದು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರು ಹಾಡುವ ರೇಣುಕೆ–ಪರಶುರಾಮರ ಕಥೆ ಅಮರ ಚಿತ್ರ ಕಥೆಯಲ್ಲೂ ಇದೆ. ಕಥೆ ಗುಡ್ಡದ ಜೋಗತಿಯರದೂ ಹೌದು, ಮುಂಬಯಿಯ ಪ್ರಕಾಶಕರದೂ ಹೌದು, ಚಿತ್ರ ಮಾತ್ರ ಪ್ರಕಾಶಕರದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ತೀರಿಕೊಂಡದ್ದು, ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಇವೆಲ್ಲ ಲಾವಣಿಕಾರರ ನಾಲಿಗೆಯ ಮೇಲೆ ಉಳಿದಿದ್ದು, ಇವನ್ನು ಚಿತ್ರಪುಸ್ತಕ ಮಾಡಲು ಯಾರ ಪರವಾನಗಿಯೂ ಬೇಕಿಲ್ಲ. ಆದರೆ ಸಿನಿಮಾದ ವೇಷ, ದೃಶ್ಯಗಳನ್ನು ಅನುಸರಿಸಿ ಚಿತ್ರ ಬರೆದರೆ ಅದು ರೂಪಾಂತರವಾಗುತ್ತದೆ, ಆಗ ಒಪ್ಪಿಗೆ ಬೇಕಾಗುತ್ತದೆ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಬಿ.ಆರ್. ಪಂತುಲು ಅವರ 1961ರ ‘ಕಿತ್ತೂರು ಚೆನ್ನಮ್ಮ’ದ ಆ ಹಕ್ಕು 2021ರ ಕೊನೆಗೆ ಮುಗಿದಿದೆಯಾದರೂ, ಅದರ ಸಂಭಾಷಣೆ ಮತ್ತು ಹಾಡುಗಳ ಹಕ್ಕು ಬರೆದವರ ಮರಣಾನಂತರವೂ 60 ವರ್ಷ ಉಳಿಯುತ್ತದೆ. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದ ಹಕ್ಕು 2072ರ ಕೊನೆಯವರೆಗೆ ಜಾರಿಯಲ್ಲಿರುತ್ತದೆ.