ಮಹಿಳೆ, ಆರೋಗ್ಯ, ವಿಕಲಚೇತನ: ಈ ಓದು ಯಾಕೆ, ಯಾರಿಗೆ?

ಜೂನ್ ತಿಂಗಳು ಬಂತೆಂದರೆ ಅರ್ಜಿ ತುಂಬಿಸಿಕೊಳ್ಳಲು ಮಕ್ಕಳು, ಪಾಲಕರು ನನ್ನ ಅಂಗಡಿಗೆ ಬರುತ್ತಾರೆ. ಕಳೆದ ವರ್ಷ ಒಬ್ಬ ತಂದೆ ಮಗಳ ಜೊತೆ ಬಂದಿದ್ದರು. ಹುಡುಗಿಗೆ ಒಂದು ಕಾಲಿನಲ್ಲಿ ಬಲವಿಲ್ಲ, ಪಿಯುಸಿಯಲ್ಲಿ ಅಂಕ ಚೆನ್ನಾಗಿವೆ. "ವಿಕಲಚೇತನರ ಪ್ರಮಾಣಪತ್ರ ಮಾಡಿಸಿದ್ದೀರಾ?" ಎಂದು ಕೇಳಿದೆ. ತಂದೆ ದನಿ ತಗ್ಗಿಸಿ, "ಬೇಡ ಅಣ್ಣಾ, ನಾಳೆ ಸಂಬಂಧ ನೋಡುವಾಗ ತೊಂದರೆ ಆಗ್ತದೆ" ಎಂದರು. ಗಂಡುಮಕ್ಕಳ ವಿಷಯದಲ್ಲಿ ಈ ಮಾತನ್ನು ನಾನು ಕೇಳಿದ್ದು ಅಪರೂಪ.

ಈ ಒಂದು ಮಾತಿನಲ್ಲಿಯೇ ಮೂರು ವಿಷಯಗಳು ಸೇರಿವೆ: ಹೆಣ್ಣು, ಆರೋಗ್ಯ, ವಿಕಲತೆ. ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಇಂದು ವಿಶ್ವವಿದ್ಯಾಲಯಗಳಲ್ಲಿ ಪಾಠವಾಗಿ ಕಲಿಸುತ್ತಾರೆ.

ವಿಷಯ ಏನು?

ಕಾಲಿನ ದೌರ್ಬಲ್ಯ ದೇಹದ್ದು. ಆದರೆ ಕಾಲೇಜಿಗೆ ಮೆಟ್ಟಿಲು ಮಾತ್ರ ಇದ್ದು ಇಳಿಜಾರು ದಾರಿ ಇಲ್ಲದಿದ್ದರೆ ಆಕೆಯನ್ನು ತಡೆಯುವುದು ಕಾಲಲ್ಲ, ಕಟ್ಟಡ. ಕಿವಿ ಕೇಳದ ಹೆಣ್ಣುಮಗಳು ಆಸ್ಪತ್ರೆಗೆ ಹೋದಾಗ ವೈದ್ಯರು ಆಕೆಯನ್ನು ಬಿಟ್ಟು ತಾಯಿಯನ್ನೇ ಮಾತನಾಡಿಸಿದರೆ, ಆಕೆಯ ನೋವು ಪೂರ್ತಿ ತಿಳಿಯುವುದೇ ಇಲ್ಲ. ಈ ಓದಿನ ತಿರುಳು ಇದೇ.

2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆ. ಅವರಲ್ಲಿ ಗಂಡಸರ ಸಾಕ್ಷರತೆ ಶೇ. 62, ಹೆಂಗಸರದು ಶೇ. 45. ವಿಕಲತೆ ಇಬ್ಬರಿಗೂ ಇದೆ, ಆದರೆ ಶಾಲೆಯ ಬಾಗಿಲು ಒಂದೇ ಸಮನಾಗಿ ತೆರೆದಿಲ್ಲ.

ಎಲ್ಲಿ ಓದಬಹುದು?

ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ. ಮನೆಯಲ್ಲೇ ಇದ್ದು ಓದುವವರಿಗೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಅಂಚೆ ಶಿಕ್ಷಣವಿದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಸಮಾಜಕಾರ್ಯದ ಓದಿಗೆ ಹೆಸರಾಗಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಶ್ರವಣಕ್ಕೆ ಸಂಬಂಧಿಸಿದ ಪದವಿಗಳಿವೆ. ವಾಕ್ ಶ್ರವಣ, ವಿಶೇಷ ಶಿಕ್ಷಣದಂತಹ ಕೋರ್ಸ್ ಸೇರುವ ಮುನ್ನ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡಿ. ಅದಿಲ್ಲದಿದ್ದರೆ ಹಣವೂ ವರ್ಷವೂ ವ್ಯರ್ಥ.

ಕಾನೂನು ಏನು ಕೊಟ್ಟಿದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಂದಿನ 7 ಬಗೆಯ ವಿಕಲತೆಗಳನ್ನು 21ಕ್ಕೆ ಏರಿಸಿತು. ಥಲಸ್ಸೀಮಿಯಾ, ಹಿಮೋಫಿಲಿಯಾದಂತಹ ರಕ್ತದ ಕಾಯಿಲೆಗಳೂ ಇದರಲ್ಲಿವೆ.

- ಶೇ. 40 ಅಥವಾ ಹೆಚ್ಚು ವಿಕಲತೆ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ.
- ಕೇಂದ್ರದ ಮಾರ್ಗಸೂಚಿಯಂತೆ, ಬರೆಯಲು ತೊಂದರೆ ಇರುವವರಿಗೆ ಪರೀಕ್ಷೆಯಲ್ಲಿ ಬರಹಗಾರರ ನೆರವು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ.
- ಆಸ್ಪತ್ರೆಯಲ್ಲಿ ತಪಾಸಣೆ, ಚಿಕಿತ್ಸೆಗೆ ಆದ್ಯತೆ.
- ಒಪ್ಪಿಗೆ ಇಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಇದು ವಿಶೇಷವಾಗಿ ಹೆಣ್ಣುಮಕ್ಕಳ ಮನೆಯವರು ತಿಳಿದಿರಬೇಕಾದ ಮಾತು.

ಪಾಲಕರಲ್ಲಿ ವಿನಂತಿ

ಸೀಟಿಗೂ ಬೇರೆ ಸೌಲಭ್ಯಗಳಿಗೂ ಪ್ರಮಾಣಪತ್ರವೇ ಕೀಲಿಕೈ. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಬೇಕು. ಪ್ರವೇಶದ ಸಮಯದಲ್ಲಿ ಓಡಾಡುವ ಬದಲು ಪಿಯುಸಿ ಓದುವಾಗಲೇ ಮಾಡಿಸಿಡಿ. ಮುಚ್ಚಿಟ್ಟರೆ ಕಾಲು ಸರಿಹೋಗುವುದಿಲ್ಲ, ಸೀಟು ಮಾತ್ರ ತಪ್ಪುತ್ತದೆ.

ಆ ಹುಡುಗಿಗೆ ಆ ವರ್ಷ ಬಯಸಿದ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ, ಮನೆಯಲ್ಲೇ ಉಳಿದಳು. ಈ ವರ್ಷ ತಾಯಿಯೇ ಕರೆದುಕೊಂಡು ಬಂದು ಅರ್ಜಿ ಹಾಕಿಸಿದರು. ಏನು ಓದುತ್ತೀಯಮ್ಮಾ ಎಂದು ಕೇಳಿದೆ. "ಸಮಾಜಕಾರ್ಯ, ಅಂಕಲ್. ನನ್ನಂಥವರ ಅರ್ಜಿ ನಾನೇ ತುಂಬಬೇಕು" ಎಂದಳು. ಒಂದು ವರ್ಷ ಹೋಯಿತು. ನಿಮ್ಮ ಮನೆಯ ಮಗಳಿಗೆ ಅದೂ ಹೋಗದಿರಲಿ.